ರಾಯರು ಕುಡಿದ ನೀರು

ರಾಯರ ಎಡಗೈ ಬಲಗೈಗಿಂತ ಕಪ್ಪು. ಹ್ಯೂಸ್ಟನ್, ಡಲ್ಲಾಸ್ ಎಂದು ವ್ಯಾಪಾರಕ್ಕೆ ವರ್ಷಗಟ್ಟಲೆ ಕಾರು ಓಡಿಸಿ, ಕಿಟಕಿಯ ಬಿಸಿಲಿಗೆ ಸುಟ್ಟ ಕೈ ಅದು. ಆಸ್ಟಿನ್‌ನಲ್ಲಿ ನನ್ನ ಮಗಳ ಪಕ್ಕದ ಮನೆಯವರು, ಧಾರವಾಡದ ಕಡೆಯವರು. ಬೇಲಿಯಾಚೆಯಿಂದಲೇ ಕೂಗುತ್ತಿದ್ದರು: “ಏನ್ರಿ ಅಕ್ಕಾರ, ಇವತ್ತೂ ಸಾರಿಗೆ ಬೆಲ್ಲಾ ಸುರುವೀರೇನು? ವಾಸನಿಗೇ ಗೊತ್ತಾಗ್ತದ!”

ಮಗಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮಗು ಮಡಿಲಿಗೆ ಬರುವ ತನಕ ಏಕಾದಶಿಯಂದು ಹನಿ ನೀರೂ ಮುಟ್ಟುವುದಿಲ್ಲವೆಂದು ಹರಕೆ ಹೊತ್ತೆ. ಗೊತ್ತಿದ್ದದ್ದು ರಾಯರೊಬ್ಬರಿಗೇ. ಅವರೂ ಉಪನಯನವಾದಾಗಿನಿಂದ ನೀರಿಲ್ಲದ ಏಕಾದಶಿ ತಪ್ಪಿಸಿದವರಲ್ಲ.

ಮಗಳ ಮನಸ್ಸು ಹಗುರಾಗಲೆಂದು ಅವರೇ ನಮ್ಮನ್ನು ಬಿಗ್ ಬೆಂಡ್ ಮರುಭೂಮಿಗೆ ಕರೆದೊಯ್ದರು. ಹಿಂದಿನ ದಿನ ಹತ್ತಿರದ ಊರಲ್ಲಿ ತಂಗಿ, ಬೆಳಗ್ಗೆಯೇ ಪಾರ್ಕಿಗೆ ಹೊರಟೆವು. ಅಂದು ಏಕಾದಶಿ. ಮಗಳು ಕೊಟ್ಟ ಚಿತ್ರಾನ್ನವನ್ನು ನಾವಿಬ್ಬರೂ ಮುಟ್ಟಲಿಲ್ಲ. ಮಧ್ಯಾಹ್ನ ಕಾರಿಳಿದು ಬಂಡೆಗಳ ನಡುವೆ ನಡೆಯುವಾಗ ನನ್ನ ಕಾಲು ಕುಸಿಯಿತು. ಬೆವರೇ ನಿಂತುಹೋಗಿತ್ತು. ಅಳಿಯ ಫೋನ್ ಹಿಡಿದು, ಸಿಗ್ನಲ್ ಹುಡುಕುತ್ತ ದಿಬ್ಬ ಹತ್ತಿದ.

“ಅಮ್ಮಾ, ಪ್ಲೀಸ್, ಒಂದು ಗುಟುಕು!” ಮಗಳು ಬಾಟಲಿ ಹಿಡಿದು ಅಳುತ್ತಿದ್ದಳು.

ಹಲ್ಲು ಕಚ್ಚಿಕೊಂಡೆ. ಕುಡಿದರೆ ಮಗು ಬರುವುದಿಲ್ಲ, ಅದೊಂದೇ ತಲೆಯಲ್ಲಿ.

ರಾಯರು ಬಾಟಲಿ ಕಿತ್ತುಕೊಂಡರು. ಎತ್ತಿ ಹಿಡಿದು ತಾವೇ ಗಟಗಟ ಕುಡಿದರು.

“ನೋಡ್ರಿ, ನನ್ನ ಏಕಾದಶಿ ಮುರೀತು. ಪಾಪ ಅಂತ ಇದ್ರ ಎರಡೂ ನನ್ನ ತಲಿಗಿರ್ಲಿ. ಕೂಸು ಬಂದ್ರ ಎತ್ಕೊಳ್ಳಿಕ್ಕೆ ಅಜ್ಜಿ ಬ್ಯಾಡೇನು? ಕುಡೀರಿ!”

ಕುಡಿದೆ.

ವಾಪಸು ಬರುವಾಗ ಸ್ಟಿಯರಿಂಗ್ ಹಿಡಿದ ರಾಯರು ಆಡಿದ್ದು ಒಂದೇ ಮಾತು: “ಏಕಾದಶಿ ನೀರು ಭಾಳ ರುಚಿ ಇರ್ತದ ನೋಡ್ರಿ.”

ಮುಂದಿನ ವರ್ಷ ಮಗಳಿಗೆ ದಿನ ತುಂಬುತ್ತಿದ್ದಾಗಲೇ ರಾಯರ ಎದೆಬಡಿತ ನಿಂತಿತು. ಅಲ್ಲಿಯ ಪದ್ಧತಿಯಂತೆ ಅವರನ್ನು ಮಲಗಿಸಿದ್ದ ಶವಪೆಟ್ಟಿಗೆಯೊಳಗೆ ಬಿಳಿ ಶಲ್ಯದ ಮೇಲೆ ಎಡಗೈ ಇನ್ನೂ ಕಪ್ಪಗೇ ಇತ್ತು. ನನ್ನ ಪಾಲಿನ ಪಾಪವೂ ಅವರಿಗೇ ಹೋಯಿತೇನೋ ಎಂದು ನೋಡಲಾರದೆ ಹೊರಗೆ ಬಂದೆ.

ಈಗ ಮೊಮ್ಮಗಳು ಬಂದಿದ್ದಾಳೆ. ಏನು ಹೇಳಲಿ! ಹಾಲು ಕುಡಿದು ಬಿಕ್ಕಳಿಸಿದರೂ ನನಗೆ ಹಬ್ಬ. ಅವಳ ಮುಷ್ಟಿ ಬಿಡಿಸಿ ಬಿಡಿಸಿ ಮುತ್ತಿಡುತ್ತೇನೆ. ಬೇಲಿಯಾಚೆ ಮಾತ್ರ ಯಾರೂ ಕೂಗುವುದಿಲ್ಲ.

ಏಕಾದಶಿ ಬಂದರೆ ಅವಳನ್ನು ತೊಡೆಯ ಮೇಲಿಟ್ಟುಕೊಂಡು, ಬೇಕೆಂದೇ ಒಂದು ಲೋಟ ನೀರು ಕುಡಿಯುತ್ತೇನೆ. ಪಾಪವಿದ್ದರೆ ರಾಯರೊಬ್ಬರೇ ಹೊರುವುದು ಬೇಡ.