ಕುಗ್ಗದ ಅಂಗೈ

ದೆವ್ವ, ಶಕುನ ಎಂದವರನ್ನೆಲ್ಲ ಗೇಲಿ ಮಾಡಿಕೊಂಡು ಬಂದವನು ನಾನು. ಕೆಲಸಗಾರರು ಮಣ್ಣು ಸುಡುವ ಭಟ್ಟಿಯ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣನ್ನು ಬಿಚ್ಚಿ ಶರಬತ್ತು ಮಾಡಿ ಕುಡಿದದ್ದೂ ಉಂಟು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ದಹಿಸರ್‌ನ ಒಂದು ಸಣ್ಣ ಸೆರಾಮಿಕ್ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಸುಟ್ಟ ಮಣ್ಣಿನ ಹಲಗೆ ಕಾದರೆ ಹಿಗ್ಗುತ್ತದೆ, ಬೇಗ ಆರಿಸಿದರೆ ಸೀಳುತ್ತದೆ. ಸೋಪ್‌ಸ್ಟೋನ್ ಎಂಬ ಬಳಪದ ಕಲ್ಲಿನ ಪುಡಿ ಬೆರೆಸಿ, ಎಷ್ಟು ಕಾದರೂ ಹೆಚ್ಚು ಹಿಗ್ಗದ ಮಣ್ಣೊಂದನ್ನು ಎರಡು ವರ್ಷ ಒದ್ದಾಡಿ ಹದ ಮಾಡಿದ್ದೆ. ಇದರಿಂದ ಸುಟ್ಟು ಆರಿಸುವ ನಾಲ್ಕು ದಿನದ ಕೆಲಸ ಒಂದೂವರೆ ದಿನಕ್ಕೆ ಇಳಿಯುತ್ತಿತ್ತು. ತೊಡಕು ಒಂದೇ. ಭಟ್ಟಿ ಪೂರ್ತಿ ಆರುವ ಮೊದಲೇ ಒದ್ದೆ ಗೋಣಿ ಹೊದ್ದು ಯಾರಾದರೂ ಒಳಗೆ ಹೋಗಿ ಮಾಲು ಇಳಿಸಬೇಕು. ಆ ಕೆಲಸ ಸಂಗಪ್ಪನದು. ಬಿಜಾಪುರ ಕಡೆಯವನು, ಆಂಟಾಪ್ ಹಿಲ್‌ನಲ್ಲಿ ಹೆಂಡತಿ ಮಕ್ಕಳು. "ಏನೂ ಆಗೋದಿಲ್ಲ, ಹೋಗಯ್ಯ" ಎಂದು ಅವನಿಗೆ ಧೈರ್ಯ ಹೇಳಿದವನು ನಾನೇ.

ಮೊದಲ ಪ್ರಯೋಗದ ಮಧ್ಯಾಹ್ನ, ಇಟ್ಟಿಗೆ ಜೋಡಿಸಿ ಮುಚ್ಚಿದ್ದ ಭಟ್ಟಿಯ ಬಾಗಿಲಿನಿಂದ ಎರಡು ಸಾಲು ತೆಗೆಸಿದೆ. ಒಳಗಡೆ ಬಾಗಿಲಿಗೆ ಒರಗಿಸಿಟ್ಟಿದ್ದ ಪರೀಕ್ಷೆಯ ಹಲಗೆಯನ್ನು ಕೊಕ್ಕೆಯಿಂದ ಎಳೆದು ನೀರಿನ ತೊಟ್ಟಿಗೆ ಹಾಕಿದೆ. ಬುಸ್ಸೆಂದಿತು, ಬಿರುಕು ಬಿಡಲಿಲ್ಲ. ಗೆದ್ದೆ ಎಂದು ಎತ್ತಿ ನೋಡಿದರೆ, ಭಟ್ಟಿಯ ಕಡೆಗಿದ್ದ ಮೈಯಲ್ಲಿ ಒಂದು ಅಂಗೈ ಗುರುತು. ಎಡಗೈ. ಒಳಗಿದ್ದವರು ಬಾಗಿಲನ್ನು ನೂಕಿದಂತೆ ಬೆರಳು ಅಗಲಿಸಿ ಒತ್ತಿತ್ತು. ಉಂಗುರದ ಬೆರಳಿಗೆ ತುದಿಯಿರಲಿಲ್ಲ.

ಸಂಗಪ್ಪನ ಆ ಬೆರಳು ಹಿಂದೆ ಮಣ್ಣು ಒತ್ತುವ ಪ್ರೆಸ್‌ಗೆ ಸಿಕ್ಕಿ ಮೊಂಡಾಗಿತ್ತು. ಹಸಿ ಮಣ್ಣಿಗೆ ಕೈಯೊತ್ತಿ ಹಾಳುಮಾಡಿದ್ದಾನೆಂದು ರೇಗಿ, ಅವನನ್ನು ಕರೆದು ಗುರುತಿನ ಮೇಲೆ ಕೈ ಇಡಿಸಿದೆ. ಸರಿಯಾಗಿ ಕೂತಿತು.

ನನಗೆ ಹೊಳೆದದ್ದು ಆಗ. ಯಾವ ಮಣ್ಣೇ ಆಗಲಿ, ಹಸಿಯಿಂದ ಬೇಯುವಾಗ ಕುಗ್ಗಿಯೇ ಕುಗ್ಗುತ್ತದೆ. ಹಸಿಯಲ್ಲಿ ಒತ್ತಿದ ಕೈ ಸುಟ್ಟ ಮೇಲೆ ಚಿಕ್ಕದಾಗಬೇಕು. ಇದು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಹಲಗೆ ಪೂರ್ತಿ ಬೆಂದ ಮೇಲೆ, ಆ ಬೆಂಕಿಯೊಳಗೇ ಒತ್ತಿದ ಗುರುತು ಅದು. ಅಲ್ಲದೆ ಹಲಗೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿಸಿದವನು ನಾನು. ಆಗ ಅದು ನುಣ್ಣಗಿತ್ತು.

"ಇದು ನನ್ನ ಕೈನ ಐತ್ರಿ ಸಾಹೇಬ್ರ," ಎಂದ ಸಂಗಪ್ಪ ಮೆಲ್ಲಗೆ. "ಆದ್ರ ನಾ ಇನ್ನಾ ಒಳಗ ಹೋಗಿಲ್ಲರೀ." ಹೆಗಲ ಮೇಲಿನ ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕ್ಷಣ ತಡೆದು ಕೇಳಿದ, "ಹೋಗ್ಲೇನ್ರಿ?"

ಅಷ್ಟರಲ್ಲಿ ಮಾಲೀಕರ ಫೋನ್ ಬಂದು, ಗುಮಾಸ್ತ ಆಫೀಸಿನ ಬಾಗಿಲಿಂದ ಕೂಗಿದ. "ಸೇಠ್ ಕಾ ಫೋನ್ ಹೈ! ಪಾಸ್ ಕಿ ಫೇಲ್?"

"ಫೇಲ್," ಎಂದೆ. ಹಲಗೆಯನ್ನು ಸುತ್ತಿಗೆಯಿಂದ ಚೂರು ಮಾಡಿ, ಬಾಗಿಲು ಮತ್ತೆ ಮುಚ್ಚಿಸಿದೆ. ತಾನಾಗಿ ಸೀಳಿತೆಂದು ವರದಿ ಬರೆದೆ. ನನ್ನ ಮಣ್ಣಿನ ಕತೆ ಅಲ್ಲಿಗೆ ಮುಗಿಯಿತು.

ನಾಲ್ಕನೇ ದಿನ ಸಂಗಪ್ಪ ಆರಿದ ಭಟ್ಟಿಗೆ ಹೋಗಿ ಮಾಲು ಇಳಿಸಿ ಬಂದ. ಒಳಗೆ ಗೋಡೆಯ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಹಾಗಾದರೆ ಆ ಕೈ ಏನು, ನಾನು ಹೆದರಿದ್ದು ಯಾವುದಕ್ಕೆ? ಇಂದಿಗೂ ತಿಳಿಯದು. ನನ್ನಿಂದ ಜೀವ ಉಳಿಯಿತೆಂದು ಅವನು ಎಷ್ಟೋ ವರ್ಷ ನಮ್ಮ ಚೆಂಬೂರಿನ ಮನೆಗೆ ಬಂದು ಕಾಲಿಗೆರಗುತ್ತಿದ್ದ. "ಹೋಗ್ಲೇನ್ರಿ?" ಎಂದು ಅವನು ಕೇಳಿದಾಗ, ಗುಮಾಸ್ತ ಕೂಗುವ ಮುಂಚೆ, ನಾನು "ಹೂಂ" ಎನ್ನಲು ಬಾಯಿ ತೆರೆದಿದ್ದೆ. ಅದನ್ನು ಅವನಿಗೆ ಹೇಳಲು ನನಗೆ ಕೊನೆಗೂ ಧೈರ್ಯ ಬರಲಿಲ್ಲ.