ತೊಳೆದು ಕೊಟ್ಟ ಗಿಣ್ಣಿನ ಚೊಂಬು

ಕಳೆದ ಜನವರಿಯ ಒಂದು ಮಂಗಳವಾರ, ಬೆಳಿಗ್ಗೆ ಆರೂವರೆ. ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಒಂದು ಕೊಟ್ಟಿಗೆಯ ಮುಂದೆ ಮೂವರಿದ್ದೆವು: ಮನೆಯೊಡತಿ ನಿಂಗಮ್ಮ, ಅವರ ಅಂಗಳದಾಚೆಯ ಕೋಣೆಯಲ್ಲಿ ತಂಗಿದ್ದ ನರ್ಸ್ ಎಸ್ತರ್ ಮತ್ತು ನಾನು. ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದ ಮೇಲೆ ನಂಜನಗೂಡಿನಲ್ಲಿ, ಆಫ್ರಿಕಾಕ್ಕೆ ಹೋಗುವ ಮಿಷನರಿಗಳಿಗೆ ತರಬೇತಿ ಕೊಡುವ ಕೆಲಸ ನನ್ನದು. ಎಸ್ತರ್ ಮಲಾವಿಯ ಹಳ್ಳಿ ಕ್ಲಿನಿಕ್ಕಿಗೆಂದು ಆ ಭಾನುವಾರ ವಿಮಾನ ಹತ್ತಬೇಕಿತ್ತು.

ನಮ್ಮ ತರಬೇತಿಯ ಕೊನೆಯ ತಿಂಗಳು ಪರರ ಮನೆಯ ವಾಸ. ಆಗ ಬೋಧನೆಯಿಲ್ಲ, ಪ್ರಾರ್ಥನಾ ಕೂಟವಿಲ್ಲ. ಆ ಮನೆಯ ರೀತಿನೀತಿಯನ್ನು ಕೇಳಿ ಕಲಿಯುವುದಷ್ಟೇ ಕೆಲಸ. ಕೊನೆಗೆ ಮನೆಯೊಡತಿ ಒಪ್ಪಿದರೆ ಮಾತ್ರ ಪ್ರಯಾಣ. ಎಸ್ತರ್ ಮೈಸೂರಿನ ಹುಡುಗಿ. ಕನ್ನಡದವರ ಮನೆಯಲ್ಲಿ ತಾನು ಕೇಳುವುದೇನಿದೆ ಎಂದುಕೊಂಡಿದ್ದಳು.

ಹಿಂದಿನ ವಾರ ಹಸು ಕರು ಹಾಕಿದಾಗ ನಿಂಗಮ್ಮ ಅವಳಿಗೆ ಒಂದು ಚೊಂಬು ಗಿಣ್ಣುಹಾಲು ಕೊಟ್ಟಿದ್ದರು. ಗಿಣ್ಣಿನ ಪಾತ್ರೆಯನ್ನು ತೊಳೆಯದೆ, ಒಂದು ಚೂರು ಬೆಲ್ಲ ಹಾಕಿ ಹಿಂತಿರುಗಿಸುವುದು ಆ ಮನೆಯ ಪದ್ಧತಿ. ತೊಳೆದರೆ ಹಸು ಬತ್ತುತ್ತದೆ ಎಂಬ ನಂಬಿಕೆ. ಎಸ್ತರ್ ಬಿಸಿನೀರು, ಸೋಪು ಹಾಕಿ ತಿಕ್ಕಿ, ಒರೆಸಿ ಕೊಟ್ಟಿದ್ದಳು. ಸೋಮವಾರ ಹಸು ಒದೆಯತೊಡಗಿತು, ಹಾಲು ಅರ್ಧಕ್ಕಿಳಿಯಿತು. ನಿಂಗಮ್ಮ ನನ್ನನ್ನು ಕರೆಸಿದರು.

“ಪಳಪಳ ಅನ್ಸ್ಬುಟ್ಟು ತಂದ್ಕೊಟ್ಲು ಸಿಸ್ಟ್ರೇ! ನನ್ ಅಸೀನ ಆಲೂ ಅಂಗೇ ತೊಳ್ಕೊಂಡೋಯ್ತು. ಇವ್ಳು ಈಗ್ಲೇ ಎದ್ದೋಗ್ಲಿ,” ಎಂದರು ನಿಂಗಮ್ಮ.

“ಇದು ಕೆಚ್ಚಲುಬಾವು ಮೇಡಂ. ಚೊಂಬಿಗೂ ಇದಕ್ಕೂ ಏನು ಸಂಬಂಧ?” ಎಂದಳು ಎಸ್ತರ್.

ಮುಟ್ಟಿ ನೋಡಿದೆ. ಕೆಚ್ಚಲಿನ ಒಂದು ಭಾಗ ಗಟ್ಟಿಯಾಗಿ ಸುಡುತ್ತಿತ್ತು. ಪಶುವೈದ್ಯರಿಗೆ ಫೋನ್ ಮಾಡಿದೆ. ಒಂಬತ್ತಕ್ಕೆ ಬಂದರು, ಕೆಚ್ಚಲುಬಾವೇ ಎಂದರು, ಇಂಜೆಕ್ಷನ್ ಕೊಟ್ಟರು. ತಾವು ಹೇಳುವತನಕ ಹಾಲನ್ನು ಡೈರಿಗೆ ಹಾಕುವಂತಿಲ್ಲ ಎಂದು ಹೊರಟರು. ಎಸ್ತರ್ ಗೆದ್ದವಳಂತೆ ನನ್ನತ್ತ ನೋಡಿದಳು. ಆ ನೋಟಕ್ಕೆ ನನಗೆ ಭಯವಾಯಿತು. ಮಲಾವಿಯಲ್ಲೂ ಹೀಗೇ ಇವಳ ಮಾತು ಸರಿಯಾಗಿರುತ್ತದೆ, ಆದರೆ ಕ್ಲಿನಿಕ್ಕಿಗೆ ಒಬ್ಬ ತಾಯಿಯೂ ಮಗುವನ್ನು ತರುವುದಿಲ್ಲ.

“ಡಾಕ್ಟ್ರು ಅಸೀಗ್ ಬಂದ್ರು. ನಂಗ್ಯಾರ್ ಒಂದ್ ಸಮಾಧಾನದ್ ಮಾತ್ ಏಳುದ್ರಿ?” ಎಂದು ನಿಂಗಮ್ಮ ಒಳಹೋಗಿ ಬಾಗಿಲು ಹಾಕಿಕೊಂಡರು.

“ಇಲ್ಲಿ ನಿನ್ನ ಪರೀಕ್ಷೆ ಕೆಚ್ಚಲಿನದಲ್ಲ, ಎಸ್ತರ್,” ಎಂದೆ.

ಅವಳ ಮುಖ ಕೆಂಪಾಯಿತು. ನೀರು ಕಾಯಿಸಿ ಹಸುವಿಗೆ ಶಾಖ ಕೊಡಲು ಕೂತಳು. ಎರಡನೆಯ ಸಲ ಒದೆಸಿಕೊಂಡು ಸಗಣಿಯ ಮೇಲೆ ಬಿದ್ದಾಗ ಕಿಟಕಿಯಿಂದ ನಗು ಕೇಳಿಸಿತು.

“ಇಂದ್ಕೋಗ್ಬ್ಯಾಡ ಕಣವ್ವ! ಅವ್ಳಿಗೇನ್ ನೀನು ನರ್ಸಮ್ಮ ಅಂತ ಗೊತ್ತಾ?”

ಎಸ್ತರ್ ಬಿದ್ದಲ್ಲಿಂದಲೇ ಕೇಳಿದಳು: “ಅಮ್ಮಾ, ಆ ಚೊಂಬು ನಾನು ಹೇಗೆ ಕೊಡಬೇಕಾಗಿತ್ತು?”

“ಈಗ ಕೇಳ್ತೀಯಾ? ತಿಂಗ್ಳಿಂದ ಬಾಯ್ಗೇನ್ ಬೀಗ ಆಕಿದ್ಯಾ?” ಬಾಗಿಲು ತೆರೆಯಿತು. ಹಸುವಿನ ತಲೆ ಹಿಡಿದುಕೊಂಡು ನಿಂಗಮ್ಮ ಬೆಲ್ಲದ ವಿಷಯ ಹೇಳಿದರು. ಸಂಜೆಯವರೆಗೂ ಹೇಳುತ್ತಲೇ ಇದ್ದರು. ಎಸ್ತರ್ ಒಮ್ಮೆಯೂ ಎದುರಾಡಲಿಲ್ಲ.

ಆರು ಗಂಟೆಗೆ ಅವರ ಒಪ್ಪಿಗೆ ಕೇಳಿದೆ.

“ಭಾನ್ವಾರ ಬ್ಯಾಡ ಸಿಸ್ಟ್ರೇ. ಈಗ್ತಾನೆ ಕೇಳೋಕ್ ಸುರು ಮಾಡವ್ಳೆ. ಇನ್ನೊಂದ್ ತಿಂಗ್ಳು ನನ್ತಾವೇ ಇರ್ಲಿ.”

ಎಸ್ತರಳ ಕಣ್ಣು ತುಂಬಿತು. “ಇರ್ತೀನಮ್ಮಾ,” ಎಂದಳು.

ಉತ್ತರ ಗೊತ್ತಿರುವವರೇ ಕೇಳುವ ಅಭ್ಯಾಸವನ್ನು ಹೆಚ್ಚು ಬೆಳೆಸಿಕೊಳ್ಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಅಂಗಳಕ್ಕೆ ಬಂದು ನಮ್ಮ ಕಚೇರಿಗೆ ಫೋನ್ ಮಾಡಿ, ಭಾನುವಾರದ ಟಿಕೆಟ್ ರದ್ದು ಮಾಡಿಸಿದೆ.