ವಿಂಟರ್‌ಬರ್ಗ್‌ಗೆ, ಎರಡು ಅಗಲದ ರಿಮ್‌ಗಳ ಮೇಲೆ

ಹಾಲೆಂಡಿನ ಆಲ್ಮೆರೆಯ ನಮ್ಮ ಮನೆಯಿಂದ ಜರ್ಮನಿಯ ವಿಂಟರ್‌ಬರ್ಗ್‌ಗೆ ಸುಮಾರು ಮುನ್ನೂರು ಕಿಲೋಮೀಟರ್. ಜನವರಿಯ ಆ ಬೆಳಿಗ್ಗೆ ನಾನೂ ನನ್ನ ಗಂಡ ಪ್ರಕಾಶನೂ ಹೊರಟದ್ದು ಹಿಮ ನೋಡಲಿಕ್ಕಲ್ಲ. ಶಾಲೆಯ ಸ್ಕೀ ಶಿಬಿರಕ್ಕೆ ಹೋಗಿದ್ದ ನಮ್ಮ ಮಗಳು ಅನಿಕಾ ಬಿದ್ದು ಎಡಗೈ ಮುರಿದುಕೊಂಡಿದ್ದಳು. ಪ್ಲಾಸ್ಟರ್ ಹಾಕಿಸಿದ್ದೇವೆ, ನಾಳೆ ಎಲ್ಲರ ಜೊತೆ ಬಸ್ಸಿನಲ್ಲೇ ಬರಬಹುದು ಎಂದು ಟೀಚರ್ ಫೋನಿನಲ್ಲಿ ಹೇಳಿದ್ದರು. ಆದರೆ ನಮಗೆ ಕಾಯುವ ಮನಸ್ಸಿರಲಿಲ್ಲ.

ಹಾಲೆಂಡಿನಲ್ಲಿ ವಿಂಟರ್ ಟೈರ್ ಕಡ್ಡಾಯವಲ್ಲ. ಗಡಿಯಾಚೆ, ಜರ್ಮನಿಯ ಹಿಮದ ರಸ್ತೆಯಲ್ಲಿ ಅದಿಲ್ಲದೆ ಓಡಿಸುವಂತಿಲ್ಲ. ನಮ್ಮಲ್ಲಿ ಇರಲಿಲ್ಲ. ಪಕ್ಕದ ಬೀದಿಯ ಉಡುಪಿಯ ರಾಘಣ್ಣ ಮೊದಲು ನಮ್ಮಂಥದೇ ಕಾರು ಇಟ್ಟುಕೊಂಡಿದ್ದರು. ಅದನ್ನು ಮಾರಿದ ಮೇಲೂ ಚಳಿಗಾಲದ ನಾಲ್ಕು ಚಕ್ರ ಅವರ ಶೆಡ್ಡಿನಲ್ಲಿ ಉಳಿದಿದ್ದವು. "ಕೇಳುದೆಂಥ ಮಾರಾಯ್ತಿ, ತಗೊಂಡು ಹೋಗು. ಟೈರ್ ಒಳ್ಳೇದುಂಟು," ಎಂದರು. ನಾನು ಬುತ್ತಿ ಕಟ್ಟುವಷ್ಟರಲ್ಲಿ ಅವರೂ ಪ್ರಕಾಶನೂ ಸೇರಿ ನಾಲ್ಕನ್ನೂ ಹಾಕಿ ಮುಗಿಸಿದ್ದರು.

ಕಾರು ಓಡಿಸುವುದು ನಾನೇ. ಮಂಗಳೂರು ಕಡೆಯ ಘಾಟಿಯಲ್ಲಿ ಪಳಗಿದ ಕೈ ನನ್ನದು, ಪ್ರಕಾಶನಿಗೆ ಸೈಕಲ್ಲೇ ಇಷ್ಟ. ಚಕ್ರ ಬದಲಿಸಿದ ಮೇಲೆ ಸ್ವಲ್ಪ ದೂರ ಓಡಿಸಿ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಮಾಡಬೇಕು. ಅದಕ್ಕಾಗಿ ಬಾರ್ನೆವೆಲ್ಡ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಜಿಟಿಜಿಟಿ ಮಳೆ, ಮೂಳೆಗೆ ತಾಗುವ ಗಾಳಿ. ಸ್ಪ್ಯಾನರ್ ಹಿಡಿದು ಬಗ್ಗಿದಾಗ ಟೈರ್ ಕೂರುವ ಕಬ್ಬಿಣದ ರಿಮ್ಮಿನ ಮೇಲೆ ಒತ್ತಿದ್ದ ಅಂಕಿ ಕಂಡಿತು. ಎಡಗಡೆಯ ಎರಡೂ ಆರೂವರೆ ಇಂಚು ಅಗಲ. ಬಲಗಡೆಯ ಎರಡೂ ಏಳು.

ರಾಘಣ್ಣನಿಗೆ ಫೋನ್ ಮಾಡಿದೆ.

"ಹೌದು ಮಾರಾಯ್ತಿ. ಎರಡು ರಿಮ್ ಫುಟ್‌ಪಾತಿಗೆ ಹೊಡ್ದು ಬೆಂಡಾಗಿತ್ತು, ಸೆಕೆಂಡ್ ಹ್ಯಾಂಡ್ ತಂದು ಹಾಕಿದ್ದೆ. ಮುಂದೆ ಒಂದು ಜೊತೆ, ಹಿಂದೆ ಒಂದು ಜೊತೆ ಹಾಕುದು ನಾನು. ಇವತ್ತು ಗಡಿಬಿಡಿಯಲ್ಲಿ ನೋಡ್ಲೇ ಇಲ್ಲ."

ಪ್ರಕಾಶ ಕಾರಿನಿಂದ ಇಳಿಯಲೇ ಇಲ್ಲ. "ಟೈರ್ ಸೈಜ್ ನಾಲ್ಕೂ ಒಂದೇ ಅಲ್ವಾ? ಅರ್ಧ ಇಂಚಿಂದ ಏನಾಗತ್ತೆ? ನಡಿ, ಅವ್ಳು ಕಾಯ್ತಿರ್ತಾಳೆ."

"ಈ ಮಳೆಯಲ್ಲಿ ಏನೂ ಆಗ್ಲಿಕ್ಕಿಲ್ಲ. ಆದ್ರೆ ಮೇಲೆ ಹಿಮ ಉಂಟು. ಅಲ್ಲಿ ಬ್ರೇಕ್ ಹಾಕಿದ್ರೆ ಎಡ ಬಲ ಎರಡೂ ಒಂದೇ ಥರ ಹಿಡೀಬೇಕು. ಒಂದೇ ಆಕ್ಸಲಿಗೆ ಎರಡು ಅಗಲ ಹಾಕಿ ನಾನು ಘಾಟಿ ಹತ್ತುದಿಲ್ಲ."

ಅವನು ಮುಖ ತಿರುಗಿಸಿದ. ನಾನು ಕಾರಿನ ಕೈಪಿಡಿ ತೆಗೆದು ನೋಡಿದೆ. ನಮ್ಮ ಕಾರಿಗೆ ಎರಡೂ ಅಗಲ ನಡೆಯುತ್ತವೆ ಎಂದಿತ್ತು. ಜೋಡಿ ಸರಿಮಾಡಿದರೆ ಸಾಕು. ಹತ್ತಿರದ ಟೈರ್ ಅಂಗಡಿಗೆ ಹೋದರೆ, ಕೌಂಟರಿನ ಹೆಂಗಸು 'ಅಫ್‌ಸ್ಪ್ರಾಕ್' ಇದೆಯೇ ಎಂದು ಕೇಳಿದಳು. ಮುಂಚಿತವಾಗಿ ಹೊತ್ತು ಗೊತ್ತುಮಾಡದೆ ಇಲ್ಲಿ ಕೂದಲನ್ನೂ ಕತ್ತರಿಸುವುದಿಲ್ಲ. ನನ್ನ ಅರೆಬರೆ ಡಚ್ಚಿನಲ್ಲಿ ಮಗಳ ಕೈಯ ಕಥೆ ಹೇಳಿದೆ. ಅವಳು ಒಳಗೆ ಹೋಗಿ ಮಾತಾಡಿ ಬಂದು, ಕಾಫಿ ಯಂತ್ರದತ್ತ ಕೈ ತೋರಿಸಿ ಕೂರಿಸಿದಳು. ತಿರುಗುವ ದಿಕ್ಕಿನ ಬಾಣ ಟೈರ್ ಮೇಲೆ ಇರಲಿಲ್ಲವಾದ್ದರಿಂದ ಯಾವ ಬದಿಗಾದರೂ ಹಾಕಬಹುದಿತ್ತು. ಆರೂವರೆಯ ಜೋಡಿ ಮುಂದಕ್ಕೆ ಬಂತು, ಏಳರ ಜೋಡಿ ಹಿಂದಕ್ಕೆ ಹೋಯಿತು. ಅಷ್ಟು ಹೊತ್ತೂ ಪ್ರಕಾಶ ಹೊರಗೆ ಶತಪಥ ಹಾಕುತ್ತಿದ್ದ.

ಆರ್ನ್‌ಹೆಮ್ ದಾಟಿ, ಗಡಿ ದಾಟಿ, ಡಾರ್ಟ್‌ಮುಂಡ್‌ವರೆಗೂ ಮಳೆಯೇ. ಬೆಟ್ಟ ಶುರುವಾದ ಮೇಲೆ ಮಳೆ ಹಿಮವಾಯಿತು. ವಿಂಟರ್‌ಬರ್ಗ್‌ಗೆ ಸ್ವಲ್ಪ ಮೊದಲು, ಒಂದು ಇಳಿಜಾರಿನ ತಿರುವಿನಲ್ಲಿ ಮುಂದಿದ್ದ ವ್ಯಾನು ಜಾರಿ ರಸ್ತೆಗೆ ಅಡ್ಡವಾಗಿ ನಿಂತುಬಿಟ್ಟಿತು. ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ ಪೆಡಲ್ ಗಡಗಡ ನಡುಗಿತು. ಸ್ಟಿಯರಿಂಗ್ ಎತ್ತಲೂ ಎಳೆಯಲಿಲ್ಲ. ವ್ಯಾನಿಗೆ ಒಂದು ಮಾರು ಇರುವಾಗ ಕಾರು ನೆಟ್ಟಗೆ ನಿಂತಿತು.

ವ್ಯಾನಿನವನು ಹಿಂದೆಮುಂದೆ ಮಾಡಿ ದಾರಿ ಬಿಟ್ಟ. ಆಮೇಲೆ ಪ್ರಕಾಶ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಕೈಗೆ ಕೊಟ್ಟ. "ನಿಧಾನಕ್ಕೇ ಹೋಗು," ಎಂದ.

ಶಿಬಿರದ ಮನೆಯ ಊಟದ ಕೋಣೆಯಲ್ಲಿ ಅನಿಕಾ ಗೆಳತಿಯರ ನಡುವೆ ಕೂತಿದ್ದಳು. ಪ್ಲಾಸ್ಟರಿನ ತುಂಬ ಬಣ್ಣಬಣ್ಣದ ಸಹಿಗಳು. ನಮ್ಮನ್ನು ಕಂಡು ಓಡಿ ಬಂದು ನನ್ನ ಸೊಂಟ ತಬ್ಬಿದಳು, ಮರುಕ್ಷಣ ಮುಖ ಸಣ್ಣದಾಯಿತು.

"ಅಮ್ಮಾ, ಕರ್ಕೊಂಡು ಹೋಗೋಕೆ ಬಂದ್ರಾ? ನೇ, ಬೇಡ, ಪ್ಲೀಸ್. ಇವತ್ತು ಲಾಸ್ಟ್ ನೈಟ್. ಪ್ರೋಗ್ರಾಮಿಗೆ ನಾನೇ ಪ್ರೆಸೆಂಟರ್."

"ಕೈ ನೋವುಂಟಲ್ಲ ಪುಟ್ಟಾ?"

"ಮೈಕ್ ಹಿಡಿಯೋಕೆ ಒಂದ್ ಕೈ ಸಾಕು."

ದಾರಿಯುದ್ದಕ್ಕೂ ಅವಸರ ಮಾಡಿದವನು ಪ್ರಕಾಶ. ಈಗ ಅವನೇ, "ಇರ್ಲಿ ಬಿಡು. ನಾಳೆ ಸ್ಕೂಲ್ ಹತ್ರ ಹೋಗಿ ಕರ್ಕೊಳ್ಳೋಣ," ಎಂದ. ನಾನು ಅವಳ ಬ್ಯಾಗು ಹೊರಲು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಬುತ್ತಿಯ ಜೊತೆ ತಂದಿದ್ದ ಕೋಡುಬಳೆಯ ಡಬ್ಬ ಕೊಟ್ಟೆ. ನಾವು ಚಹಾ ಕುಡಿದು ಏಳುವ ಮೊದಲೇ ಅದು ಖಾಲಿಯಾಗಿತ್ತು.

ಹೊರಗೆ ಪ್ರಕಾಶ ಗಾಜಿನ ಮೇಲಿನ ಹಿಮ ಸರಿಸುತ್ತ, "ಹೇಗ್ ಬಂದ್ರಿ ಅಂತಾನೂ ಕೇಳ್ಲಿಲ್ಲ ನೋಡು," ಎಂದ. ಇಬ್ಬರಿಗೂ ನಗು ಬಂತು. ಕಾರು ಹತ್ತುವ ಮುನ್ನ ತಿರುಗಿ ನೋಡಿದೆ. ಬೆಳಕಿನ ಕಿಟಕಿಯಾಚೆ ಅನಿಕಾ ಕುರ್ಚಿ ಹತ್ತಿ ನಿಂತು, ಒಂದು ಚಮಚವನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳುತ್ತಿದ್ದಳು. ಇಡೀ ಕೋಣೆ ಅವಳತ್ತ ತಿರುಗಿತ್ತು.